ದಿನಕ್ಕೆ 40 ಗ್ರಾಂ ಪ್ರೋಟೀನ್‌ನಲ್ಲಿ ಹೊಟ್ಟೆ ತುಂಬ ಊಟ ಹೇಗೆ?

ಪ್ರಶ್ನೆ: ನಮ್ಮ ಮಾವನವರಿಗೆ 64 ವರ್ಷ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ವ್ಯವಸಾಯ ಮಾಡಿಕೊಂಡಿದ್ದವರು. ಬಿ.ಪಿ. ಬಹಳ ವರ್ಷದಿಂದ ಇದೆ, ಶುಗರ್ ಇಲ್ಲ. ನಾಲ್ಕು ತಿಂಗಳ ಹಿಂದೆ ಕಿಡ್ನಿ ತೊಂದರೆ ಗೊತ್ತಾಯಿತು. ಈಗ ಕ್ರಿಯೇಟಿನಿನ್ 3.2, ಪೊಟ್ಯಾಸಿಯಂ 5.4, ಹಿಮೋಗ್ಲೋಬಿನ್ 9.8 ಇದೆ. ಡಯಾಲಿಸಿಸ್ ಸದ್ಯಕ್ಕೆ ಬೇಡ, ಪ್ರೋಟೀನ್ ದಿನಕ್ಕೆ 40 ಗ್ರಾಂ ಮೀರದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರ್ ಹೇಳಿದರು. ಜೊತೆಗೆ ಕೊಟ್ಟ ಹಾಳೆಯಲ್ಲಿ ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆ, ಮಾಂಸ ಎಲ್ಲದರ ಮುಂದೆಯೂ ‘ಬೇಡ’ ಎಂದೇ ಇದೆ. ಹಾಗೇ ಮಾಡಿದೆವು. 61 ಕೆ.ಜಿ. ಇದ್ದವರು ಈಗ 57 ಕೆ.ಜಿ. ಆಗಿದ್ದಾರೆ. ‘ಸಾಯೋದಾದ್ರೆ ಮುದ್ದೆ ಉಂಡೇ ಸಾಯ್ತೀನಿ’ ಎಂದು ಸಿಟ್ಟು ಮಾಡಿಕೊಂಡು ಒಂದೊಂದು ದಿನ ಎಲ್ಲವನ್ನೂ ತಿನ್ನುತ್ತಾರೆ, ಒಂದೊಂದು ದಿನ ಏನೂ ತಿನ್ನುವುದಿಲ್ಲ. ಪಕ್ಕದ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರೊಬ್ಬರು ದಿನಾ ಮೊಟ್ಟೆಯ ಬಿಳಿ ಕೊಡಿ ಅನ್ನುತ್ತಾರೆ. ಮೆಡಿಕಲ್ ಶಾಪಿನವರು ಕೀಟೋ ಮಾತ್ರೆ ಇದೆ ಅಂದರು. ಯಾರ ಮಾತು ಕೇಳುವುದು? ಈ ಪಥ್ಯವನ್ನು ದಿನಾ ನಡೆಸಿಕೊಂಡು ಹೋಗುವುದು ಹೇಗಮ್ಮ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಕ್ರಿಯೇಟಿನಿನ್ ಅಲ್ಲ, ಇಳಿದ ಆ ನಾಲ್ಕು ಕೆ.ಜಿ. ತೂಕ. ಮೊದಲು ಅದನ್ನು ನಿಲ್ಲಿಸೋಣ. ಅದು ನಿಂತರೆ ಪಥ್ಯವೂ ಸುಸೂತ್ರವಾಗಿ ನಡೆಯುತ್ತದೆ, ಮಾವನವರ ಸಿಟ್ಟೂ ಕಡಿಮೆಯಾಗುತ್ತದೆ. ಅವರ ಸಿಟ್ಟು ಬಹುಪಾಲು ಹಸಿವಿನ ಸಿಟ್ಟು ಎಂದೇ ನನಗನ್ನಿಸುತ್ತದೆ. ಜೀವನವಿಡೀ ಹೊಲದಲ್ಲಿ ದುಡಿದು ಹೊಟ್ಟೆ ತುಂಬ ಉಂಡವರ ಎದುರು ದಿಢೀರನೆ ಅರ್ಧ ತಟ್ಟೆ ಇಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ.

64 ವರ್ಷದ ಗಂಡಸಿಗೆ ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ಕಸ) 3.2 ಎಂದರೆ ಕಿಡ್ನಿಯ ಸೋಸುವ ಶಕ್ತಿ, ರಿಪೋರ್ಟಿನಲ್ಲಿ ಇಜಿಎಫ್‌ಆರ್ ಎಂದು ಬರೆದಿರುತ್ತಾರಲ್ಲ ಅದು, ಸುಮಾರು 21 ಬರುತ್ತದೆ. 15ರಿಂದ 29ರವರೆಗಿನದನ್ನು ನಾಲ್ಕನೇ ಹಂತ ಅನ್ನುತ್ತೇವೆ. ಐದನೇ ಹಂತಕ್ಕೆ ಇನ್ನೂ ಜಾಗ ಇದೆ. ಎಷ್ಟೋ ಜನ ಈ ಹಂತದಲ್ಲೇ ವರ್ಷಗಟ್ಟಲೆ ಇರುತ್ತಾರೆ. ಅದನ್ನು ಹಿಡಿದಿಡುವುದರಲ್ಲಿ ಮೊದಲ ಪಾತ್ರ ಬಿ.ಪಿ. ಹತೋಟಿಯದು, ಆಮೇಲೆ ಉಪ್ಪಿನದು, ಆಮೇಲೆ ಪ್ರೋಟೀನಿನದು. ಈ ಕ್ರಮವನ್ನು ದಯವಿಟ್ಟು ನೆನಪಿಡಿ. ಬೇಳೆಯನ್ನು ಕಾಳು ಕಾಳು ಎಣಿಸಿ ಹಾಕಿ, ಬಿ.ಪಿ. ಮಾತ್ರೆ ತಪ್ಪಿಸುವ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ.

ಪ್ರೋಟೀನ್ ಯಾಕೆ ಕಡಿಮೆ ಮಾಡಬೇಕು ಎಂದರೆ, ಅದು ದೇಹದಲ್ಲಿ ಬಳಕೆಯಾಗಿ ಉಳಿದ ನೈಟ್ರೋಜನ್ ಯೂರಿಯಾ ಆಗಿ ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು. ಜೊತೆಗೆ ಆಮ್ಲವೂ ರಂಜಕವೂ (ಫಾಸ್ಫರಸ್) ಬರುತ್ತವೆ. ಕಿಡ್ನಿ ಸೋತಾಗ ಇವೆಲ್ಲ ರಕ್ತದಲ್ಲಿ ನಿಲ್ಲುತ್ತವೆ. ಬಾಯಿ ಕಹಿ, ಬೆಳಗ್ಗೆ ವಾಕರಿಕೆ, ಮೈ ತುರಿಕೆ ಬಹುಮಟ್ಟಿಗೆ ಇದರಿಂದಲೇ. ಇನ್ನೊಂದು ಕಾರಣವೂ ಇದೆ. ಪ್ರೋಟೀನ್ ಹೆಚ್ಚು ತಿಂದಾಗ ಉಳಿದಿರುವ ಒಳ್ಳೆಯ ಸೋಸುಕಗಳ ಒಳಗೆ ಒತ್ತಡ ಏರಿ ಅವೂ ಬೇಗ ಸವೆಯುತ್ತವೆ.

ಇದರ ಫಲ ಎಷ್ಟು ಎನ್ನುವುದನ್ನೂ ಮುಚ್ಚಿಡದೆ ಹೇಳುತ್ತೇನೆ. ಅಮೆರಿಕದಲ್ಲಿ 840 ಕಿಡ್ನಿ ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಪ್ರೋಟೀನ್ ಕಡಿಮೆ ಮಾಡಿದ್ದರಿಂದ ಸಿಕ್ಕ ಲಾಭ ಎಲ್ಲರೂ ಎಣಿಸಿದ್ದಕ್ಕಿಂತ ಸಣ್ಣದಾಗಿತ್ತು. ಈ ಪಥ್ಯದಿಂದ ಕಿಡ್ನಿ ವಾಸಿಯಾಗುವುದಿಲ್ಲ. ಸರಿಯಾಗಿ ಮಾಡಿದರೆ ವಾಕರಿಕೆ, ಸುಸ್ತು ಕಡಿಮೆಯಾಗಿ ಡಯಾಲಿಸಿಸ್ ದಿನ ಮುಂದಕ್ಕೆ ಹೋಗಬಹುದು. ತಪ್ಪಾಗಿ ಮಾಡಿದರೆ ಮಾಂಸಖಂಡ ಕರಗಿ ಮನುಷ್ಯ ಹಾಸಿಗೆ ಹಿಡಿಯಬಹುದು. ಆದ್ದರಿಂದಲೇ ಅಳತೆ ಇಲ್ಲದ ಪಥ್ಯ ಮಾಡುವುದಕ್ಕಿಂತ ಪಥ್ಯವನ್ನೇ ಮಾಡದಿರುವುದು ಮೇಲು ಎನ್ನುವವಳು ನಾನು.

ಈಗ ನಿಮ್ಮ ಡಾಕ್ಟರ್ ಹೇಳಿದ 40 ಗ್ರಾಂ. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ಕಿಡ್ನಿ ಕಾಯಿಲೆಯ ಬಗ್ಗೆ 2024ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮೂರನೇ ಹಂತದಿಂದ ಐದನೇ ಹಂತದವರಿಗೆ ಇದೇ 0.8 ಅನ್ನುತ್ತದೆ. ಶುಗರ್ ಇಲ್ಲದವರಲ್ಲಿ, ಆಹಾರ ತಜ್ಞರ ಕಣ್ಗಾವಲಿನಲ್ಲಿ, 0.55–0.6ಕ್ಕೆ ಇಳಿಸಬಹುದು ಎಂದು ಇನ್ನೊಂದು ಮಾರ್ಗಸೂಚಿ ಹೇಳುತ್ತದೆ. ಮಾವನವರ ಮೊದಲಿನ ತೂಕ 60ರ ಆಸುಪಾಸು ಎಂದು ಹಿಡಿದರೆ ಮೇಲಿನ ಮಿತಿ 48, ಕೆಳಗಿನದು 33. ಡಾಕ್ಟರ್ ಇವೆರಡರ ನಡುವೆ ಜಾಗ್ರತೆಯಿಂದಲೇ 40 ಆರಿಸಿದ್ದಾರೆ. ಅದನ್ನು 20 ಮಾಡಿದ್ದು ಆ ‘ಬೇಡ’ಗಳ ಹಾಳೆ.

ಅವರು ಮೊದಲು ಎಷ್ಟು ತಿನ್ನುತ್ತಿದ್ದರು ಎಂದು ಅಂದಾಜು ಮಾಡಿ ನೋಡೋಣ. ದಿನಕ್ಕೆ ಎರಡು ದೊಡ್ಡ ಮುದ್ದೆ, ಅನ್ನ, ಕಾಳಿನ ಸಾರು, ಹಾಲು ಮೊಸರು ಸೇರಿದರೆ ನಿಮ್ಮ ಕಡೆಯ ರೈತರ ಊಟದಲ್ಲಿ 60–65 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಕಡಿಮೆ ಮಾಡಬೇಕಾದದ್ದು ಸುಮಾರು ಮೂರನೇ ಒಂದು ಭಾಗ. ಅವರಿಗೂ ಇದನ್ನು ಇದೇ ಮಾತಿನಲ್ಲಿ ಹೇಳಿ. ‘ಎಲ್ಲ ಬಿಡಬೇಕು’ ಎಂದಾಗ ಒಪ್ಪದ ಮನಸ್ಸು ‘ಮೂರರಲ್ಲಿ ಒಂದು ಪಾಲು ಬಿಡಬೇಕು’ ಎಂದಾಗ ಒಪ್ಪುತ್ತದೆ.

ಬಿಟ್ಟ ಜಾಗವನ್ನು ಬೇರೆ ಯಾವುದರಿಂದಲಾದರೂ ತುಂಬಲೇಬೇಕು. ಇದನ್ನು ಬಹಳಷ್ಟು ಮನೆಗಳಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. 60 ಕೆ.ಜಿ. ತೂಕದವರಿಗೆ ದಿನಕ್ಕೆ 1,800ರಿಂದ 2,000 ಕ್ಯಾಲರಿ ಬೇಕು. ಅಷ್ಟು ಸಿಗದಿದ್ದರೆ, ಒಲೆಗೆ ಸೌದೆ ಇಲ್ಲವೆಂದು ಮನೆಯ ತೊಲೆ ಕಿತ್ತು ಉರಿಸಿದ ಹಾಗೆ, ದೇಹ ತನ್ನ ಮಾಂಸಖಂಡವನ್ನೇ ಉರಿಸುತ್ತದೆ. ಆ ಮಾಂಸವೂ ಪ್ರೋಟೀನೇ ಆದ್ದರಿಂದ ಯೂರಿಯಾ ಮತ್ತೆ ಏರುತ್ತದೆ. ಬಾಯಿ ಕಟ್ಟಿಯೂ ಯೂರಿಯಾ ಇಳಿಯಲಿಲ್ಲ ಎಂದು ಕೊರಗುವವರಲ್ಲಿ ಎಷ್ಟೋ ಜನರ ಕಥೆ ಇದು. ಹಾಗಾಗಿ ತುಪ್ಪ, ಅಡುಗೆ ಎಣ್ಣೆ, ತೆಂಗಿನತುರಿ, ಅಕ್ಕಿ, ಸಬ್ಬಕ್ಕಿ, ಶುಗರ್ ಇಲ್ಲದ್ದರಿಂದ ಸ್ವಲ್ಪ ಸಕ್ಕರೆ, ಇವು ಈಗ ಮಾವನವರಿಗೆ ಬೇಕಾದ ಆಹಾರ. ಹೃದಯದ ತೊಂದರೆ ಇದ್ದರೆ ಎಣ್ಣೆ ತುಪ್ಪದ ಪ್ರಮಾಣವನ್ನು ಡಾಕ್ಟರ್ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಿ. ಕಿಡ್ನಿ ಕಾಯಿಲೆ ಎಂದ ಕೂಡಲೇ ಎಣ್ಣೆ, ತುಪ್ಪ, ಕಾಯಿ ಎಲ್ಲವನ್ನೂ ನಿಲ್ಲಿಸುವುದು ಮಾತ್ರ ಸರಿಯಲ್ಲ.

ಒಂದು ದಿನದ ಊಟವನ್ನು ನಿಮ್ಮ ಮನೆಯ ಅಡುಗೆಯಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ. ತೂಕವೆಲ್ಲ ಬೇಯಿಸುವ ಮೊದಲಿನದು. ಬೆಳಗ್ಗೆ 80 ಗ್ರಾಂ ಅಕ್ಕಿಹಿಟ್ಟಿನಲ್ಲಿ ಎರಡು ಅಕ್ಕಿ ರೊಟ್ಟಿ, ಈರುಳ್ಳಿ, ಕಾಯಿತುರಿ ಹಾಕಿ, ಒಂದು ಚಮಚ ಎಣ್ಣೆ ಧಾರಾಳವಾಗಿ ಬಿಟ್ಟು ಬೇಯಿಸಿದ್ದು: ಪ್ರೋಟೀನ್ 6 ಗ್ರಾಂ. ಇಡೀ ದಿನದ ಕಾಫಿ ಟೀಗೆ 150 ಮಿ.ಲೀ. ಹಾಲು: 5 ಗ್ರಾಂ. ಮಧ್ಯಾಹ್ನ 80 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆ: 6 ಗ್ರಾಂ. ಅದರ ಮೇಲೆ 60 ಗ್ರಾಂ ಅಕ್ಕಿಯ ಅನ್ನ: ನಾಲ್ಕೂವರೆ. ಸಾರಿನಲ್ಲಿ ಅವರ ಪಾಲಿಗೆ 15 ಗ್ರಾಂ ತೊಗರಿಬೇಳೆ: ಮೂರಕ್ಕೆ ಸ್ವಲ್ಪ ಹೆಚ್ಚು. ಒಂದು ಬಟ್ಟಲು ಪಲ್ಯ: 2. ಕೊನೆಗೆ 100 ಗ್ರಾಂ ಮೊಸರನ್ನು ಮಜ್ಜಿಗೆ ಮಾಡಿದರೆ: 3. ಮುದ್ದೆಗೂ ಅನ್ನಕ್ಕೂ ಒಂದೊಂದು ಸಣ್ಣ ಚಮಚ ತುಪ್ಪ. ಸಂಜೆ ಒಗ್ಗರಣೆ ಹಾಕಿದ ಮಂಡಕ್ಕಿ, ಕಡಲೆಕಾಯಿ ಬೀಜ ಇಲ್ಲದೆ: 2. ಜೊತೆಗೆ ಒಂದು ಸಣ್ಣ ಸೇಬು, ಅದರಲ್ಲಿ ಪ್ರೋಟೀನ್ ಲೆಕ್ಕಕ್ಕೇ ಇಲ್ಲ. ರಾತ್ರಿ 90 ಗ್ರಾಂ ಅಕ್ಕಿಯ ಅನ್ನ: 7. ಬೇಳೆ ಇಲ್ಲದ ತರಕಾರಿ ಗೊಜ್ಜು: 2. ಕೂಡಿಸಿ ನೋಡಿ, 41ರ ಹತ್ತಿರ ಬಂತು. ಕ್ಯಾಲರಿ 1,900ರಿಂದ 2,000 ಆಯಿತು. ಮುದ್ದೆ ಉಂಡರು, ಸಾರು ಉಂಡರು, ಮಜ್ಜಿಗೆಯೂ ಕುಡಿದರು.

ಒಂದೇ ಮುದ್ದೆ ಯಾಕೆ ಎಂದು ಅವರು ಕೇಳುತ್ತಾರೆ. ಪ್ರೋಟೀನಿನಲ್ಲಿ ರಾಗಿಗೂ ಅಕ್ಕಿಗೂ ಹೆಚ್ಚು ವ್ಯತ್ಯಾಸ ಇಲ್ಲ, ಎರಡರಲ್ಲೂ ನೂರು ಗ್ರಾಂಗೆ 7–8 ಗ್ರಾಂ. ಆದರೆ ಪೊಟ್ಯಾಸಿಯಂ 80 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ಅಕ್ಕಿಯಲ್ಲಿ 90 ಮಿಲಿಗ್ರಾಂ ಕೂಡ ಇಲ್ಲ. ಅವರ ರಕ್ತದಲ್ಲಿ ಪೊಟ್ಯಾಸಿಯಂ 5.4 ಇರುವುದರಿಂದ ಈಗ ಒಂದು ಮುದ್ದೆ. ಐದರ ಕೆಳಗೆ ಬಂದು ನಿಂತರೆ ಡಾಕ್ಟರನ್ನು ಕೇಳಿ ಎರಡನೇ ಸಣ್ಣ ಮುದ್ದೆಯ ಬಗ್ಗೆ ಯೋಚಿಸಬಹುದು. ಕಿಡ್ನಿ ಕಾಯಿಲೆಗೆ ರಾಗಿಯೇ ವಿಷ ಎನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಹಾಗೇನೂ ಇಲ್ಲ, ಅಳತೆ ಇದ್ದರೆ ಸಾಕು.

ಸಾರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಂಡ್ಯ ಸೀಮೆಯ ಊಟದ ಜೀವವೇ ಬಸ್ಸಾರು ಮತ್ತು ಉಪ್ಸಾರು. ಎರಡರಲ್ಲೂ ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತೇವೆ, ಆ ಕಟ್ಟೇ ಸಾರಾಗುತ್ತದೆ, ಬಸಿದುಳಿದದ್ದು ಪಲ್ಯವಾಗುತ್ತದೆ. ಆರೋಗ್ಯವಂತರಿಗೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಪೊಟ್ಯಾಸಿಯಂ ಏರಿರುವ ಕಿಡ್ನಿ ರೋಗಿಗೆ ಮಾತ್ರ ಈ ಕಟ್ಟೇ ತೊಂದರೆ. ಸೊಪ್ಪು ಕಾಳುಗಳ ಪೊಟ್ಯಾಸಿಯಂ ನೀರಿನಲ್ಲಿ ಕರಗಿ ಕಟ್ಟಿಗೆ ಇಳಿದಿರುತ್ತದೆ, ಪ್ರೋಟೀನ್ ಬಹುಪಾಲು ಬಸಿದ ಕಾಳಿನಲ್ಲೇ ಉಳಿದಿರುತ್ತದೆ. ಉಪ್ಸಾರಿನಲ್ಲಾದರೆ ಇವೆರಡರ ಮೇಲೆ ಉಪ್ಪೂ ಬಂತು.

ಹಾಗಂತ ಅವರಿಗೆ ಬೇರೆ ಅಡುಗೆ ಮಾಡಬೇಕಾಗಿಲ್ಲ. ಮನೆಗೆಲ್ಲ ಬೇಯಿಸುವ ಪಾತ್ರೆಯಲ್ಲೇ ಸೊಪ್ಪನ್ನು ಸಣ್ಣಗೆ ಹೆಚ್ಚಿ, ನೀರು ಜಾಸ್ತಿ ಇಟ್ಟು, ಉಪ್ಪು ಹಾಕದೆ ಬೇಯಿಸಿ. ಬಸಿದ ಕಟ್ಟು ಉಳಿದವರ ಸಾರಿಗೆ ಹೋಗಲಿ. ಬಸ್ಸಾರಿಗೆ ರುಬ್ಬಿದ ಖಾರ ಇರುತ್ತದಲ್ಲ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಚೂರು ಹುಣಸೆ, ಅದರಲ್ಲಿ ಒಂದು ಸೌಟು ಅವರಿಗೆಂದು ಎತ್ತಿಟ್ಟು, ಕಟ್ಟಿನ ಬದಲು ಬಿಸಿನೀರು ಬೆರೆಸಿ, ಅಳೆದು ಬೇಯಿಸಿದ ಅವರ ಪಾಲಿನ ಬೇಳೆಯನ್ನು ಮಸೆದು ಹಾಕಿ ಒಂದು ಕುದಿ ಬರಿಸಿ. ಬಸ್ಸಾರಿನ ಘಮ ಇರುವುದು ಆ ಖಾರದಲ್ಲಿ, ಅದು ಹಾಗೇ ಉಳಿಯುತ್ತದೆ. ಪಲ್ಯದಲ್ಲಿ ಸೊಪ್ಪು ಹೆಚ್ಚಾಗಿ, ಕಾಳು ಚಮಚದ ಅಳತೆಯಲ್ಲಿ ಬಡಿಸಿ. ಕುಕ್ಕರಿನಲ್ಲಿ ಸ್ವಲ್ಪವೇ ನೀರಿಟ್ಟು ಕೂಗಿಸಿದರೆ ಪೊಟ್ಯಾಸಿಯಂ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ ಬಸಿಯಲೇಬೇಕು. ಆಲೂಗಡ್ಡೆ, ಗೆಣಸು ಆಸೆಪಟ್ಟರೆ ಅವಕ್ಕೂ ಇದೇ ವಿಧಾನ, ಅದೂ ಅಪರೂಪಕ್ಕೆ.

ಎಳನೀರಿನ ಬಗ್ಗೆ ನೀವು ಕೇಳಿಲ್ಲ. ಆದರೂ ಎಳನೀರಿನ ದೊಡ್ಡ ಮಾರುಕಟ್ಟೆ ಇರುವ ಮದ್ದೂರಿನವರಿಗೆ ಇದನ್ನು ಹೇಳದೆ ಇರಲಾರೆ. ‘ಕಿಡ್ನಿಗೆ ತಂಪು’ ಎಂದು ದಿನಾ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ. ಒಂದು ಎಳನೀರಿನಲ್ಲಿ 500 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಂ ಆರು ಆರೂವರೆ ದಾಟಿದರೆ ಹೃದಯದ ಬಡಿತ ತಪ್ಪಬಹುದು, ಎಷ್ಟೋ ಸಲ ಮುನ್ಸೂಚನೆಯೂ ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪೂ ಬೇಡ. ಅದರಲ್ಲಿ ಸೋಡಿಯಂ ಬದಲು ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಕರಾವಳಿ, ಮಲೆನಾಡಿನ ನೆಂಟರು ಧಾರೆಹುಳಿ (ಸ್ಟಾರ್ ಫ್ರೂಟ್) ಅಥವಾ ಬಿಂಬುಳಿ ತಂದುಕೊಟ್ಟರೆ ಒಂದು ಹೋಳನ್ನೂ ಕೊಡಬೇಡಿ. ಧಾರೆಹುಳಿಯಲ್ಲಿ ನರಗಳಿಗೆ ವಿಷವಾಗುವ ಅಂಶವಿದೆ, ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ಬಿಂಬುಳಿಯ ಆಕ್ಸಲೇಟ್‌ನಿಂದ ಕಿಡ್ನಿಯೇ ಹಾಳಾಗುತ್ತದೆ.

ಬೇಳೆ ಮುಟ್ಟಲೇಬೇಡಿ ಎನ್ನುವ ಮಾತಿಗೆ ಬರುತ್ತೇನೆ. ಅದು ಹಳೆಯ ಪಾಠ. ಪ್ರಾಣಿಮೂಲದ ಪ್ರೋಟೀನೇ ಉತ್ತಮ, ಬೇಳೆಕಾಳಿನದು ಕಳಪೆ ಎಂದು ಒಂದು ಕಾಲದಲ್ಲಿ ನಮಗೂ ಕಲಿಸಿದ್ದರು. ಈಗ ತಿಳಿವಳಿಕೆ ಬದಲಾಗಿದೆ. ಬೇಳೆಕಾಳಿನಲ್ಲಿರುವ ರಂಜಕ ಫೈಟೇಟ್ ರೂಪದಲ್ಲಿ ಇರುವುದರಿಂದ ಅದರಲ್ಲಿ ಅರ್ಧದಷ್ಟೂ ದೇಹಕ್ಕೆ ಸೇರುವುದಿಲ್ಲ, ಆಮ್ಲದ ಹೊರೆಯೂ ಕಡಿಮೆ. ಅದೇ ಕೋಲಾ ಪಾನೀಯ, ಸಂಸ್ಕರಿಸಿದ ಚೀಸ್, ಕೆಲವು ಬೇಕರಿ ತಿನಿಸುಗಳಿಗೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಮನೆಯ ಬೇಳೆಯನ್ನು ಬಿಡಿಸಿ ಬೇಕರಿಯ ಬನ್ನು, ರಸ್ಕು ಕೊಡುವುದು ತಲೆಕೆಳಗಾದ ಪಥ್ಯ. ಅಕ್ಕಿಯಲ್ಲಿ ಕಡಿಮೆ ಇರುವ ಅಮೈನೋ ಆಮ್ಲವನ್ನು (ಪ್ರೋಟೀನ್ ಕಟ್ಟುವ ತುಣುಕನ್ನು) ಬೇಳೆ ತುಂಬಿಕೊಡುತ್ತದೆ, ಆದ್ದರಿಂದ ಅನ್ನದ ಜೊತೆ ಸ್ವಲ್ಪ ಬೇಳೆ ಇರಲೇಬೇಕು.

ಬದಲಾವಣೆ ಬೇಕೆನಿಸಿದ ದಿನಕ್ಕೆ ಒಂದು ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಒಂದು ಮೊಟ್ಟೆ, 200 ಮಿ.ಲೀ. ಹಾಲು, 30 ಗ್ರಾಂ ಬೇಳೆ ಅಥವಾ ಕಾಳು, 30 ಗ್ರಾಂ ಹಸಿ ಕೋಳಿಮಾಂಸ, ಇವು ಒಂದೊಂದರಲ್ಲೂ ಸುಮಾರು ಆರರಿಂದ ಆರೂವರೆ ಗ್ರಾಂ ಪ್ರೋಟೀನ್ ಇದೆ. ಒಂದನ್ನು ಕೊಟ್ಟರೆ ಇನ್ನೊಂದನ್ನು ಬಿಡಿ. ಮೊಟ್ಟೆ ತಿಂದ ದಿನ ಬೇಳೆಯೂ ಮಜ್ಜಿಗೆಯೂ ಇಲ್ಲ, ಅಷ್ಟೇ. ಬಾಡೂಟಕ್ಕೆ ಕರೆ ಬಂದರೆ ಹೋಗಲಿ. ಎರಡು ಸಣ್ಣ ತುಂಡು, 60 ಗ್ರಾಂ ಮೀರದ ಹಾಗೆ ತಿನ್ನಲಿ, ಆ ದಿನ ಬೇಳೆ, ಹಾಲು, ಮೊಸರು ಎಲ್ಲ ರಜೆ. ಊರಿನವರ ಜೊತೆ ಪಂಕ್ತಿಯಲ್ಲಿ ಕೂರುವುದನ್ನೇ ಬಿಡಿಸಿದರೆ ಆ ನೋವು ಊಟಕ್ಕಿಂತ ದೊಡ್ಡದು. ಕಾಲು ಸೂಪ್ ಮಾತ್ರ ಬೇಡ. ‘ಶಕ್ತಿ ಬರುತ್ತೆ’ ಎಂದು ಕೊಡುವ ಆ ಸೂಪಿನಲ್ಲಿ ಉಪ್ಪೂ ಪೊಟ್ಯಾಸಿಯಮ್ಮೂ ಸೇರಿರುತ್ತವೆ. ಪ್ರೋಟೀನ್ ಪೌಡರ್ ಡಬ್ಬಿಗಳನ್ನೂ ಡಾಕ್ಟರ್ ಬರೆದುಕೊಡದೆ ತರಬೇಡಿ.

ಹಬ್ಬಗಳಲ್ಲಿ ಆಯ್ಕೆ ಸುಲಭ. ಯುಗಾದಿಗೆ ಬೇಳೆ ಒಬ್ಬಟ್ಟಿನ ಬದಲು ಅವರಿಗೆ ಕಾಯಿ ಒಬ್ಬಟ್ಟು ತಟ್ಟಿಕೊಡಿ. ಗೌರಿ ಗಣೇಶಕ್ಕೆ ಕಾಯಿ ಕಡುಬು. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ಕಡಲೆಬೀಜ, ಹುರಿಗಡಲೆ ಇರುತ್ತವೆ, ಪೊಟ್ಯಾಸಿಯಂ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಗಿಂತ ಭಾರ, ಬಾಯಿಗೆ ಒಂದು ಚಿಟಿಕೆ ಸಾಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿದಾಗ ಅವರಿಗೆ ದುಃಖವಾಗದ ಹಾಗೆ ಅಳೆದು ಒಂದು ಸಣ್ಣ ಬಟ್ಟಲು ಬಡಿಸಿ, ಆ ಹೊತ್ತಿನ ಬೇಳೆ ಅದೇ. ನಿಮ್ಮೂರಿನ ಮದ್ದೂರು ವಡೆಗೆ ಬೇಳೆಯೇ ಇಲ್ಲ, ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ. ಮನೆಯಲ್ಲಿ ಉಪ್ಪು ತೀರಾ ಕಡಿಮೆ ಹಾಕಿ ಮಾಡಿದರೆ ವಾರಕ್ಕೊಂದು ಸಂಜೆ ಒಂದು ವಡೆ ಧಾರಾಳವಾಗಿ ತಿನ್ನಬಹುದು.

(ಉತ್ತರ ಕರ್ನಾಟಕದ ಓದುಗರಿಗೆ ಇಲ್ಲೇ ಒಂದು ಮಾತು. ಜೋಳದಲ್ಲಿ ಪ್ರೋಟೀನ್ ಅಕ್ಕಿಗಿಂತ ಸ್ವಲ್ಪ ಹೆಚ್ಚು, ಆದರೆ ನಿಮ್ಮ ಊಟದಲ್ಲಿ ಲೆಕ್ಕ ತಪ್ಪಿಸುವುದು ರೊಟ್ಟಿ ಅಲ್ಲ, ಶೇಂಗಾ ಚಟ್ನಿ. ಶೇಂಗಾದ ಕಾಲು ಭಾಗ ಪ್ರೋಟೀನೇ. ಹೊತ್ತಿಗೆ ಎರಡು ಚಮಚ ಹಾಕಿಕೊಂಡರೆ ಒಂದು ಮೊಟ್ಟೆಯ ಹತ್ತಿರ ಹೋಯಿತು.)

ಪಕ್ಕದ ಮನೆಯವರ ಸಲಹೆ ಅವರ ಮಟ್ಟಿಗೆ ಪೂರ್ತಿ ಸರಿ. ಡಯಾಲಿಸಿಸ್ ಶುರುವಾದ ಮೇಲೆ ನಿಯಮ ತಿರುಗುತ್ತದೆ. ಪ್ರತಿ ಸಲ ಯಂತ್ರದ ಮೂಲಕ ಅಮೈನೋ ಆಮ್ಲಗಳೂ ಸೋರಿಹೋಗುವುದರಿಂದ ಕೆ.ಜಿ.ಗೆ 1.0–1.2 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ರಂಜಕ ಹೆಚ್ಚಿಲ್ಲದ ಪ್ರೋಟೀನ್ ಎಂದು ಮೊಟ್ಟೆಯ ಬಿಳಿಯನ್ನು ಅವರಿಗೆ ಹೇಳುತ್ತಾರೆ. ಮಾವನವರು ಇನ್ನೂ ಆ ಹಂತಕ್ಕೆ ಬಂದಿಲ್ಲ. ಮುಂದೆ ಎಂದಾದರೂ ಡಯಾಲಿಸಿಸ್ ಬೇಕಾದರೆ ಅಂದಿನಿಂದಲೇ ಈ 40 ಗ್ರಾಂ ಪಥ್ಯವನ್ನು ಬಿಡಿ. ಹಳೆಯ ಹಾಳೆಯನ್ನೇ ಹಿಡಿದುಕೊಂಡು ಡಯಾಲಿಸಿಸ್ ಸಮಯದಲ್ಲೂ ಬೇಳೆ ಮೊಟ್ಟೆ ಮುಟ್ಟದೆ ಬಡಕಲಾದವರನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ, ಏಕೆಂದರೆ ಒಂದು ಮಾತು ಹೇಳಿದ್ದರೆ ತಪ್ಪಿಸಬಹುದಾಗಿತ್ತು. ಜೋರು ಜ್ವರ, ಆಪರೇಷನ್, ಆಸ್ಪತ್ರೆ ಸೇರುವಂಥ ಕಾಯಿಲೆ ಬಂದಾಗಲೂ ಪಥ್ಯವನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ಕೀಟೋ ಮಾತ್ರೆ ಎಂದರೆ ತೂಕ ಇಳಿಸಲು ಮಾಡುವ ಕೀಟೋ ಡಯಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಆ ಡಯಟ್ ಅಂತೂ ಇವರಿಗೆ ಬೇಡವೇ ಬೇಡ. ಮಾತ್ರೆಯಲ್ಲಿರುವುದು ನೈಟ್ರೋಜನ್ ತೆಗೆದ ಅಮೈನೋ ಆಮ್ಲದ ರೂಪಗಳು. ಪ್ರೋಟೀನನ್ನು ಕೆ.ಜಿ.ಗೆ 0.3–0.4 ಗ್ರಾಂಗೆ, ಅಂದರೆ ತೀರಾ ಕೆಳಕ್ಕೆ ಇಳಿಸಿದಾಗ ದೇಹ ಸೊರಗದಿರಲಿ ಎಂದು ಊಟದ ಜೊತೆ ಕೊಡುತ್ತಾರೆ. ದಿನಕ್ಕೆ ಹತ್ತಕ್ಕೂ ಹೆಚ್ಚು ಮಾತ್ರೆ ಬೇಕಾಗಬಹುದು, ಖರ್ಚು ದೊಡ್ಡದು, ಕ್ಯಾಲ್ಸಿಯಂ ಏರುವ ಸಾಧ್ಯತೆಯೂ ಇದೆ. ಮೊದಲಿನ ಹಾಗೇ ಉಂಡು ಜೊತೆಗೆ ಎರಡು ಮಾತ್ರೆ ನುಂಗಿದರೆ ದುಡ್ಡು ದಂಡ. 40 ಗ್ರಾಂ ಊಟ ಮಾಡುವವರಿಗೆ ಅದರ ಅಗತ್ಯ ಇಲ್ಲ ಎಂದು ನನ್ನ ಅಭಿಪ್ರಾಯ. ನಿಮ್ಮ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತನ್ನಿ.

ದಿನದಿನದ ಪಾಲನೆಗೆ ನನ್ನ ಒಂದು ಬೇಡಿಕೆ: ಅಡುಗೆಮನೆಗೆ ಚಿಕ್ಕದೊಂದು ಎಲೆಕ್ಟ್ರಾನಿಕ್ ತಕ್ಕಡಿ ತನ್ನಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲ ವಾರ ರಾಗಿಹಿಟ್ಟು, ಅಕ್ಕಿ, ಬೇಳೆ ತೂಗಿ, ಅವರ ಪಾಲಿಗೆ ಹಿಡಿಸುವ ಒಂದೊಂದು ಲೋಟ, ಬಟ್ಟಲನ್ನು ಗುರುತು ಮಾಡಿಡಿ. ಆಮೇಲೆ ತಕ್ಕಡಿ ಬೇಡ, ಆ ಬಟ್ಟಲು ಸಾಕು. ನೀವು ಊರಿಗೆ ಹೋದರೂ ಅತ್ತೆಯವರು ಅದೇ ಬಟ್ಟಲಿನಿಂದ ಹಾಕುತ್ತಾರೆ. ತೂಗುವುದನ್ನು ಮಾವನವರ ಕೈಯಲ್ಲೇ ಮಾಡಿಸಿದರೆ ಇನ್ನೂ ಒಳ್ಳೆಯದು. ಬಿತ್ತನೆ ಬೀಜ, ಗೊಬ್ಬರದ ಅಳತೆ ತಪ್ಪದೆ ಬೇಸಾಯ ಮಾಡಿದವರು ಅವರು. ಇನ್ನೊಬ್ಬರು ಕಸಿದುಕೊಂಡ ಊಟಕ್ಕೂ ತಾವೇ ಅಳೆದ ಊಟಕ್ಕೂ ಮನಸ್ಸಿಗೆ ಬಹಳ ವ್ಯತ್ಯಾಸ ಇದೆ. ಒಂದು ದಿನ ಲೆಕ್ಕ ತಪ್ಪಿದರೆ ಮರುದಿನ ಉಪವಾಸ ಹಾಕಬೇಡಿ. ಎಲ್ಲ ತಿನ್ನುವ ದಿನ, ಏನೂ ತಿನ್ನದ ದಿನ ಎಂದು ನೀವು ಬರೆದಿದ್ದೀರಲ್ಲ, ಅದರಲ್ಲಿ ಏನೂ ತಿನ್ನದ ದಿನವೇ ಹೆಚ್ಚು ಹಾನಿ.

ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಒಂದು ಸಣ್ಣ ಚಮಚದ ಒಳಗೆ ಇರಲಿ. ನಮ್ಮಲ್ಲಿ ಅನ್ನಕ್ಕೆ ಉಪ್ಪು ಹಾಕುವುದಿಲ್ಲ, ಮುದ್ದೆಗೂ ಹಾಕದಿದ್ದರೆ ಅರ್ಧ ಕೆಲಸ ಆದ ಹಾಗೆ. ಉಪ್ಪಿನಕಾಯಿ, ಹಪ್ಪಳ, ಬಾಳಕ ನಿಲ್ಲಿಸಿ. ಸಾರು ಸಪ್ಪೆ ಎಂದರೆ ನಿಂಬೆಹುಳಿ, ಮೆಣಸು, ಇಂಗಿನ ಒಗ್ಗರಣೆ ಜೋರಾಗಿರಲಿ. ಮಂಡಿ ನೋವು, ಸೊಂಟ ನೋವು ಎಂದು ಅಂಗಡಿಯ ನೋವಿನ ಮಾತ್ರೆ ಕೇಳಿದರೆ ಕೊಡಬೇಡಿ. ಒಂದು ವಾರದ ಡೈಕ್ಲೋಫೆನಾಕ್ ನಿಮ್ಮ ಆರು ತಿಂಗಳ ಪಥ್ಯವನ್ನು ನುಂಗಿಹಾಕಬಲ್ಲದು.

ಇನ್ನು ಗಮನಿಸಬೇಕಾದದ್ದು. ವಾರಕ್ಕೊಮ್ಮೆ ಬೆಳಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ ಅದೇ ತೂಕದ ಯಂತ್ರದಲ್ಲಿ ತೂಕ ನೋಡಿ ಬರೆದಿಡಿ. ಕಾಲು ಊದಿದ್ದರೆ ತೂಕ ನಂಬಬೇಡಿ, ನೀರಿನ ಭಾರ ಮಾಂಸದ ನಷ್ಟವನ್ನು ಮುಚ್ಚಿಬಿಡುತ್ತದೆ. ಆಗ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ಕುಕ್ಕರುಗಾಲಿನಲ್ಲಿ ಕೂತವರು ಕೈ ಊರದೆ ಏಳುತ್ತಾರಾ ನೋಡಿ. ಮತ್ತೆ, ಕ್ರಿಯೇಟಿನಿನ್ ಇಳಿದ ಕೂಡಲೇ ಖುಷಿಪಡಬೇಡಿ. ಕ್ರಿಯೇಟಿನಿನ್ ಹುಟ್ಟುವುದೇ ಮಾಂಸಖಂಡದಲ್ಲಿ. ಮಾಂಸ ಕರಗಿದರೂ ಅದು ಇಳಿಯುತ್ತದೆ. ತೂಕ ಇಳಿಯುವುದು ನಿಂತು, ರಕ್ತದ ಪ್ರೋಟೀನಾದ ಆಲ್ಬುಮಿನ್ ಸರಿಯಿದ್ದು, ಯೂರಿಯಾ ಇಳಿದಿದ್ದರೆ ಅದು ನಿಜವಾದ ಒಳ್ಳೆಯ ಸುದ್ದಿ. ಹಸಿವು ತಾನಾಗಿಯೇ ಸತ್ತುಹೋಗುತ್ತಿದ್ದರೆ ಪಥ್ಯ ಚೆನ್ನಾಗಿ ನಡೆಯುತ್ತಿದೆ ಎಂದುಕೊಳ್ಳಬೇಡಿ, ಅದು ಕಾಯಿಲೆ ಏರುತ್ತಿರುವ ಲಕ್ಷಣ ಇರಬಹುದು. ಬೈಕಾರ್ಬನೇಟ್ ಪರೀಕ್ಷೆ ಆಗಿದೆಯಾ ಎಂದೂ ಕೇಳಿ. ರಕ್ತದಲ್ಲಿ ಆಮ್ಲ ಹೆಚ್ಚಿದ್ದರೆ ಮಾಂಸ ಕರಗುತ್ತದೆ, ಪೊಟ್ಯಾಸಿಯಮ್ಮೂ ಏರುತ್ತದೆ, ಅದಕ್ಕೆ ಸುಲಭದ ಮಾತ್ರೆ ಇದೆ. 9.8 ಹಿಮೋಗ್ಲೋಬಿನ್‌ಗೂ ಊಟದಲ್ಲಿ ಪರಿಹಾರ ಹುಡುಕುತ್ತಾ ಕೂರಬೇಡಿ, ಕಬ್ಬಿಣಾಂಶ ಪರೀಕ್ಷಿಸಿ ಔಷಧಿ ಕೊಡಬೇಕಾಗುತ್ತದೆ. ಉಸಿರು ಕಟ್ಟುವುದು, ಕೈಕಾಲು ಬಿಟ್ಟುಹೋದಂತೆ ನಿತ್ರಾಣ, ಎದೆಬಡಿತ ತಪ್ಪುವುದು, ನಿಲ್ಲದ ವಾಂತಿ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಈ ಅಳತೆಯ ಊಟ ಒಂದು ತಿಂಗಳು ನಡೆದ ಮೇಲೆ, ನಿಜವಾಗಿ ಎಷ್ಟು ಪ್ರೋಟೀನ್ ಹೊಟ್ಟೆಗೆ ಹೋಗುತ್ತಿದೆ ಎಂದು ತಿಳಿಯಲು 24 ಗಂಟೆಯ ಮೂತ್ರದಲ್ಲಿ ಯೂರಿಯಾ ನೈಟ್ರೋಜನ್ ಪರೀಕ್ಷೆ ಮಾಡಿಸಿ ಎಂದು ಡಾಕ್ಟರನ್ನು ಕೇಳಿ. ಬಂದ ಗ್ರಾಂ ಲೆಕ್ಕಕ್ಕೆ, ತೂಕವನ್ನು 0.031ರಿಂದ ಗುಣಿಸಿ ಕೂಡಿಸಬೇಕು, ಮೊತ್ತವನ್ನು 6.25ರಿಂದ ಗುಣಿಸಬೇಕು. ಮೂತ್ರದಲ್ಲಿ 5 ಗ್ರಾಂ ಬಂದು ತೂಕ 60 ಕೆ.ಜಿ. ಇದ್ದರೆ ದಿನದ ಪ್ರೋಟೀನ್ ಸುಮಾರು 43 ಗ್ರಾಂ ಎಂದಾಯಿತು. ತೂಕ ಸ್ಥಿರವಾಗಿದ್ದಾಗ ಮಾತ್ರ ಈ ಲೆಕ್ಕ ನಂಬಬಹುದು. ಲೆಕ್ಕ 30ಕ್ಕಿಂತ ಕೆಳಗೆ ಬಂದರೆ ಬೇಳೆಯೋ ಮೊಟ್ಟೆಯೋ ಸೇರಿಸಬೇಕು, 55 ದಾಟಿದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಸಂಗ್ರಹಿಸುವ ದಿನ ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರವೂ ಸೇರುವ ಹಾಗೆ ಒಂದು ಹನಿಯೂ ತಪ್ಪದೆ ಲ್ಯಾಬಿನವರು ಕೊಡುವ ಕ್ಯಾನಿಗೇ ಹಾಕಬೇಕು. ಹೊಲದ ಕಡೆ ಹೋದರೆ ಕ್ಯಾನನ್ನೂ ತೆಗೆದುಕೊಂಡು ಹೋಗಲಿ. ಅದರ ಫಲಿತಾಂಶ, ನಾಲ್ಕು ವಾರದ ತೂಕ, ಹೊಸ ಪೊಟ್ಯಾಸಿಯಂ ಬಂದ ಮೇಲೆ ನನಗೆ ಮತ್ತೆ ಬರೆಯಿರಿ. ಎರಡನೇ ಮುದ್ದೆಯ ವಿಷಯ ಆಗ ನೋಡೋಣ.